ಬೇಗ ಹೆಪ್ಪುಗಟ್ಟುವ ರಕ್ತ

ಜನವರಿ ೯

ಪ್ರೀತಿಯ ತಮ್ಮನಿಗೆ,

ಇದನ್ನು ಬಲಗೈಯಲ್ಲಿ ಬರೆಯುತ್ತಿದ್ದೇನೆ, ಪ್ಯಾಡು ತೊಡೆಯ ಮೇಲಿದೆ. ಎಡಗೈ ಡಯಾಲಿಸಿಸ್ ಮೆಷಿನ್ನಿನ ವಶದಲ್ಲಿದೆ. ಇಪ್ಪತ್ತೆರಡು ವರ್ಷ ನೀರು ಸರಬರಾಜು ಕಚೇರಿಯಲ್ಲಿದ್ದು ಊರಿಗೆಲ್ಲ ನೀರು ಬಿಟ್ಟವಳು ನಾನು. ಈಗ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ, ಯಾರೋ ನನ್ನನ್ನೇ ಕೊಳವೆಗೆ ಜೋಡಿಸಿ ವಾಲ್ವ್ ತಿರುಗಿಸುತ್ತಾರೆ.

ಫೋನ್ ಮಾಡಬಹುದಿತ್ತು, ನಿಜ. ಆದರೆ ನಿನ್ನ ಫೋನ್ ಬಂದ ಕೂಡಲೇ ನಿನ್ನ ಭಾವ ಸ್ಪೀಕರ್ ಹಾಕಿಬಿಡುತ್ತಾರೆ. ಆಮೇಲೆ ಅದು ಅಕ್ಕ ತಮ್ಮನ ಮಾತಾಗಿ ಉಳಿಯುವುದಿಲ್ಲ, ವಾರ್ತಾ ಪ್ರಸಾರವಾಗುತ್ತದೆ.

ಸಂತೋಷದ ಸುದ್ದಿ ಕೇಳು. ನನಗೆ ಕಿಡ್ನಿ ಕೊಡುವವರು ಸಿಕ್ಕಿದ್ದಾರೆ. ನಿನಗೆ ಬಿ.ಪಿ. ಇದೆ ಎಂದು ಹೊರಗೆ ಹಾಕಿದರು, ನಿನ್ನ ಭಾವನಿಗೆ ಸಕ್ಕರೆ ಕಾಯಿಲೆ ಎಂದು ಹೊರಗೆ ಹಾಕಿದರು. ಇನ್ನು ಯಾರು ಉಳಿದರು ಹೇಳು? ನನ್ನ ನಾದಿನಿ! ಹೌದು, ಅವಳೇ. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವವಳು, ಮನೆಯಲ್ಲೂ ಸೀಟಿ ಊದಿದಂತೆ ಮಾತಾಡುವವಳು. ಒಗೆದ ಬಟ್ಟೆ ಮಡಚುವ ವಿಷಯಕ್ಕೆ ನನ್ನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದಳಲ್ಲ, ಅವಳು. ಮೊನ್ನೆ ಚಪ್ಪಲಿ ಸಹ ಬಿಚ್ಚದೆ ಒಳಗೆ ಬಂದು, "ಅತ್ತಿಗೆ, ಟೆಸ್ಟ್ ಎಲ್ಲ ಮಾಡಿಸ್ಕೊಂಡು ಬಂದಿದೀನಿ. ನಂದು ಹೊಂದುತ್ತಂತೆ. ಒಂದು ನಿಮಗೆ, ಒಂದು ನನಗೆ. ಆದ್ರೆ ಇನ್ಮೇಲೆ ನನ್ನ ಮಾತಿಗೆ ಎದುರಾಡೋ ಹಾಗಿಲ್ಲ" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ, "ನೋಡಿ, ಆಗ್ಲೇ ಶುರು ಮಾಡಿದ್ರಿ" ಎಂದಳು.

ಮಾರ್ಚ್ ಹನ್ನೊಂದಕ್ಕೆ ಆಪರೇಷನ್. ನಾಲ್ಕು ಹಾಳೆ ಪ್ರಶ್ನೆ ಕೊಟ್ಟಿದ್ದರು, ಹಿಂದೆ ಯಾವ ಕಾಯಿಲೆ ಇತ್ತು, ಏನು ಕತೆ ಎಂದು. ಟಕಟಕನೆ ಎಲ್ಲದಕ್ಕೂ "ಇಲ್ಲ" ಎಂದು ಗುರುತು ಹಾಕಿ ಕೊಟ್ಟೆ. ತೋಳಿನ ಫಿಸ್ಟುಲಾ ಎರಡನೇ ಸಲ ನಿಂತುಹೋಗಿತ್ತು. ಮೆಷಿನ್ನಿಗೆ ರಕ್ತ ಕೊಡಲೆಂದು ಎರಡು ನಾಳ ಸೇರಿಸಿ ಹೊಲಿದಿರುತ್ತಾರಲ್ಲ, ಅದು. ಈಗ ಸ್ವಲ್ಪ ಮೇಲೆ ಇನ್ನೊಂದು ಮಾಡಿದ್ದಾರೆ, ಓಡುತ್ತಿದೆ.

ಇಲ್ಲಿ ನರ್ಸುಗಳಿಗೆಲ್ಲ ಹೇಳಿಬಿಟ್ಟಿದ್ದೇನೆ, ಕಿಡ್ನಿ ಕಸಿ ಮಾಡುವಾಗ ರಕ್ತ ಸರಿಯಾಗಿ ಹರಿಯುತ್ತಿದೆಯೇ, ಎಲ್ಲಾದರೂ ಹೆಪ್ಪುಗಟ್ಟುತ್ತಿದೆಯೇ ಎಂದು ನೋಡುವ ಕೆಲಸ ದೂರದೂರಿನ ಆಸ್ಪತ್ರೆಯಲ್ಲಿರುವ ನನ್ನ ತಮ್ಮನದು ಎಂದು. ಅಲ್ಲಿ ಏನೇನು ಮಾಡುತ್ತೀರಿ ಎಂದು ನನಗೆ ತಿಳಿಯುವ ಹಾಗೆ ಬರೆ. ಕೊಚ್ಚಿಕೊಳ್ಳಲು ನನಗೂ ಸ್ವಲ್ಪ ಸಾಮಾನು ಬೇಕು.

ನಿನ್ನ ಅಕ್ಕ


ಜನವರಿ ೧೭

ಅಕ್ಕ,

ನಿನ್ನ ಪತ್ರ ಬಂದ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. ಯಾಕೆಂದು ಕೇಳಿದವರಿಗೆ, "ನಮ್ಮಕ್ಕನ ನಾದಿನಿ ಚಪ್ಪಲಿ ಹಾಕ್ಕೊಂಡೇ ಒಳಗೆ ಬಂದಿದ್ದಾರೆ" ಎಂದೆ. ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಕೇಳಿದ್ದೀಯಲ್ಲ, ಬರೆಯುತ್ತೇನೆ. ಹೊಸ ಕಿಡ್ನಿಯ ಎರಡು ದೊಡ್ಡ ರಕ್ತನಾಳಗಳನ್ನು ನಿನ್ನ ನಾಳಗಳಿಗೆ ಹೊಲಿಯುತ್ತಾರೆ. ಒಂದು ಒಳಗೆ ತರುವುದು, ಒಂದು ಹೊರಗೆ ಒಯ್ಯುವುದು. ಹೊಲಿದು ಮುಗಿದ ಮೇಲೆ, ಅಲ್ಲಿಯ ತನಕ ನಾಳವನ್ನು ಒತ್ತಿ ರಕ್ತ ತಡೆದಿದ್ದ ಕ್ಲಾಂಪ್ ಬಿಡುತ್ತಾರೆ. ಬಿಳಿಚಿಕೊಂಡಿದ್ದ ಕಿಡ್ನಿ ಕಣ್ಣೆದುರೇ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಗ ಡಾಪ್ಲರ್ ಎಂಬ ಪೆನ್ನಿನಂಥ ಉಪಕರಣವನ್ನು ನಾಳದ ಮೇಲೆ ಇಟ್ಟರೆ ರಕ್ತ ಹರಿಯುವ ಸದ್ದು ಕೇಳುತ್ತದೆ. ನೀವು ಕಬ್ಬಿಣದ ಸಲಾಕೆಯ ಒಂದು ತುದಿ ಪೈಪಿಗೆ, ಒಂದು ತುದಿ ಕಿವಿಗೆ ಇಟ್ಟು ಸೋರಿಕೆ ಕೇಳುತ್ತಿದ್ದಿರಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಇನ್ನೊಂದು ಮೆಷಿನ್ನಿದೆ. ಸಣ್ಣ ಬಟ್ಟಲಿಗೆ ಒಂದಿಷ್ಟು ರಕ್ತ ಹಾಕಿ ಅದರೊಳಗೆ ಒಂದು ಕಡ್ಡಿ ಇಳಿಬಿಡುತ್ತಾರೆ. ಬಟ್ಟಲು ಮೆಲ್ಲಗೆ ತೂಗುತ್ತದೆ. ರಕ್ತ ನೀರಾಗಿರುವ ತನಕ ಪರದೆಯ ಮೇಲೆ ಒಂದೇ ಗೆರೆ ನೇರವಾಗಿ ಹೋಗುತ್ತದೆ. ಹೆಪ್ಪುಗಟ್ಟಲು ಶುರುವಾದಾಗ ಕಡ್ಡಿ ಸಿಕ್ಕಿಕೊಂಡು ಗೆರೆ ಎರಡಾಗಿ ಒಡೆದು ಅಗಲವಾಗುತ್ತದೆ. ತಡವಾಗಿ ಒಡೆದರೆ ರೋಗಿಗೆ ರಕ್ತಸ್ರಾವದ ಭಯ. ತೀರಾ ಬೇಗ ಒಡೆದು ತೀರಾ ಅಗಲವಾದರೆ ಹೊಸ ಕಿಡ್ನಿಯ ನಾಳದಲ್ಲೇ ರಕ್ತ ಗಟ್ಟಿಯಾಗುವ ಭಯ. ಹಾಗಾದರೆ ಕಿಡ್ನಿ ಉಳಿಯುವುದಿಲ್ಲ, ನಿಮಿಷಗಳ ಲೆಕ್ಕ.

ಅಕ್ಕ, ಫಿಸ್ಟುಲಾ ಎರಡು ಸಲ ನಿಂತಿತು ಎಂದು ಇಷ್ಟು ಹಗುರವಾಗಿ ಬರೆದಿದ್ದೀಯ. ಯಾಕೆ ನಿಂತಿತು? ಡಾಕ್ಟರು ಏನೆಂದರು?

ತಮ್ಮ


ಜನವರಿ ೨೫

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರವನ್ನು ಇಲ್ಲಿನ ನರ್ಸಿಗೆ ಓದಿ ಹೇಳಿದೆ. "ನಿಮ್ಮ ತಮ್ಮ ಪಾಠ ಮಾಡೋಕೆ ಹೋಗ್ಬೇಕಿತ್ತು ಅಮ್ಮ" ಎಂದಳು. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಒಂದು ಮಾತು ಮಾತ್ರ ಗಮನಿಸಿದೆ. ಎಲ್ಲ ಕಡೆ "ಮಾಡುತ್ತಾರೆ, ಇಡುತ್ತಾರೆ" ಎಂದು ಬರೆದಿದ್ದೀಯ, "ನಾನು ಮಾಡುತ್ತೇನೆ" ಎಂದು ಒಂದು ಕಡೆಯೂ ಇಲ್ಲ. ಅಷ್ಟು ವಿನಯ ಯಾರಿಗೆ ಬೇಕು? ತೀರಾ ದಣಿದಿದ್ದರೆ ನಾಲ್ಕು ದಿನ ರಜೆ ಹಾಕು.

ಫಿಸ್ಟುಲಾ ವಿಷಯ ಏನೂ ಇಲ್ಲ. ತೋಳಿನ ಮೇಲೆ ಭಾರ ಹಾಕಿ ಮಲಗಿದ್ದೆ, ನಿಂತಿತು. ಮೊದಲನೆಯದಕ್ಕೆ ಬಿ.ಪಿ. ಇಳಿದಿತ್ತು. ಸಣ್ಣ ಪೈಪು ಕಟ್ಟಿಕೊಂಡರೆ ನಾವು ತೊಳೆದು ಬಿಡುತ್ತಿದ್ದೆವು, ಅದಕ್ಕೆಲ್ಲ ಮೇಲಿನವರಿಗೆ ವರದಿ ಕಳಿಸುತ್ತಿರಲಿಲ್ಲ. ಇದೂ ಹಾಗೆಯೇ ಎಂದುಕೋ.

ನಾದಿನಿ ನನ್ನನ್ನು ದಿನಾ ಬೆಳಿಗ್ಗೆ ನಡೆಸುತ್ತಿದ್ದಾಳೆ. "ಬೆನ್ನು ನೆಟ್ಟಗೆ ಅತ್ತಿಗೆ! ನನ್ನ ಕಿಡ್ನಿ ಗೂನು ಬೆನ್ನಲ್ಲಿ ಕೂರಲ್ಲ" ಎನ್ನುತ್ತಾಳೆ. ಬೀದಿಯ ನಾಯಿಗಳಿಗೂ ನನ್ನ ಆಪರೇಷನ್ ತಾರೀಖು ಗೊತ್ತಾಗಿದೆ.

ಅಕ್ಕ


ಫೆಬ್ರವರಿ ೨

ಅಕ್ಕ,

ಕೋಪ ಮಾಡಿಕೊಂಡರೂ ಸರಿ, ಓದು.

ಹನ್ನೆರಡು ವರ್ಷದ ಹಿಂದೆ ನೀನು ಅಣೆಕಟ್ಟಿನ ಹತ್ತಿರದ ಕ್ವಾರ್ಟರ್ಸಿನಲ್ಲಿದ್ದೆ. ಭಾವ ಆಗ ಬೇರೆ ಊರಲ್ಲಿದ್ದರು. ಏಣಿಯಿಂದ ಜಾರಿ ಕಾಲು ಉಳುಕಿದೆ ಎಂದು ಎಲ್ಲರಿಗೂ ಬರೆದಿದ್ದೆ. ನಾನು ಬಂದು ಹತ್ತು ದಿನ ನಿನ್ನ ಜೊತೆ ಇದ್ದೆ. ನಿನ್ನ ಎಡಗಾಲಿಗೆ ತೊಡೆಯ ತನಕ ಬಿಗಿಯಾದ ಕಾಲುಚೀಲ ಇತ್ತು. ಊಟಕ್ಕೆ ಕೂತರೆ ನೀನು ಸೊಪ್ಪನ್ನು ಪಕ್ಕಕ್ಕೆ ಸರಿಸುತ್ತಿದ್ದೆ, "ಲೆಕ್ಕ ತಪ್ಪಿ ತಿಂದ್ರೆ ಮಾತ್ರೆ ಕೆಲಸ ಮಾಡಲ್ವಂತೆ" ಎಂದಿದ್ದೆ. ಆಮೇಲೂ ಆರು ತಿಂಗಳು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಹೋಗುತ್ತಿದ್ದೆ. ನಾನು ಆಗಿನ್ನೂ ಈ ಕೆಲಸ ಕಲಿಯುತ್ತಿದ್ದವನು, ತಲೆಗೆ ಹೋಗಲಿಲ್ಲ. ಈಗ ಹೇಳು, ಉಳುಕಿದ ಕಾಲಿಗೆ ಯಾರು ಆರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ?

ಅದು ಉಳುಕಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಇನ್ನೊಂದು ಮಾತು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನಿನಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ, ನಾನೂ ಎತ್ತಿಲ್ಲ. ಕೆಲವರ ರಕ್ತದ ಗುಣವೇ ಹಾಗೆ, ಬೇಗ ಹೆಪ್ಪುಗಟ್ಟುತ್ತದೆ. ಅಂಥವರಿಗೆ ಕಾಲಿನಲ್ಲೂ ಆಗಬಹುದು, ಬಸಿರಿನಲ್ಲೂ ಆಗಬಹುದು, ತೋಳಿನ ಫಿಸ್ಟುಲಾದಲ್ಲೂ ಆಗಬಹುದು. ಹೊಸ ಕಿಡ್ನಿಯಲ್ಲೂ ಆಗಬಹುದು.

ಆ ನಾಲ್ಕು ಹಾಳೆಯಲ್ಲಿ ಇದಕ್ಕೂ ಒಂದು ಪ್ರಶ್ನೆ ಇದ್ದೇ ಇರುತ್ತದೆ. ನೀನು "ಇಲ್ಲ" ಎಂದು ಗುರುತು ಹಾಕಿದ್ದೀಯ. ಹೋಗಿ ಸರ್ಜನ್ನಿಗೆ ಹೇಳು. ನಾಳೆಯೇ ಹೇಳು.

ತಮ್ಮ


ಫೆಬ್ರವರಿ ೨೦

ತಮ್ಮನಿಗೆ,

ನಿನ್ನ ಪತ್ರಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಎರಡು ಭಾನುವಾರ ಫೋನಿನಲ್ಲಿ ನಿನ್ನ ದನಿ ಕೇಳಿ ಇವತ್ತು ಬರೆಯುತ್ತಿದ್ದೇನೆ. ಭಾವ ಎದುರಿಗಿದ್ದರು, ನೀನು ಬಾಯಿಬಿಡಲಿಲ್ಲ. ಅಷ್ಟರ ಮಟ್ಟಿಗೆ ಉಪಕಾರವಾಯಿತು.

ನನ್ನ ತಟ್ಟೆಯಲ್ಲಿ ಸೊಪ್ಪು ಎಲ್ಲಿತ್ತು ಎಂದು ಹನ್ನೆರಡು ವರ್ಷ ನೆನಪಿಟ್ಟುಕೊಂಡಿದ್ದೀಯಲ್ಲ, ನೀನೇನು ಪೊಲೀಸೇ?

ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬಾಕೆ ಡಯಾಲಿಸಿಸ್ಸಿಗೆ ಬರುತ್ತಾಳೆ, ಬಟ್ಟೆ ಹೊಲಿಯುವವಳು. ಅವಳ ಅಣ್ಣ ಕಿಡ್ನಿ ಕೊಡಲು ತಯಾರಿದ್ದ. ಅವಳು ನಿನ್ನಂಥವರ ಮಾತು ಕೇಳಿ ತನಗೆ ಹಿಂದೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು ಎಂದು ಹೇಳಿದಳು. "ನೋಡೋಣ" ಎಂದರು. ಎಂಟು ತಿಂಗಳಾಯಿತು, ಇನ್ನೂ ನೋಡುತ್ತಲೇ ಇದ್ದಾರೆ. ಅಷ್ಟರಲ್ಲಿ ಅಣ್ಣನ ಮನಸ್ಸು ಬದಲಾಗಿದೆ.

ನನಗೆ ಐವತ್ತೊಂದು. ಎಡತೋಳಿನಲ್ಲಿ ಇನ್ನು ಫಿಸ್ಟುಲಾ ಮಾಡಲು ಜಾಗವಿಲ್ಲ. ಇದೂ ನಿಂತರೆ ಬಲತೋಳು, ಅದೂ ನಿಂತರೆ ಕುತ್ತಿಗೆಗೆ ಕೊಳವೆ. ಆಮೇಲೆ? ನನಗೆ "ನೋಡೋಣ" ಎಂಬ ಮಾತು ಬೇಡ. ನನಗೆ ಮಾರ್ಚ್ ಹನ್ನೊಂದು ಬೇಕು. ಭಯ ಇಲ್ಲವೆಂದುಕೊಂಡೆಯಾ? ಕಾಲು ಊದಿ ಕಂಬದಂತಾಗಿದ್ದ ಆ ವಾರ ಒಬ್ಬಳೇ ಇದ್ದೆ. ಯಾರಿಗೂ ಹೇಳಲಿಲ್ಲ, ಬದುಕಿ ಬಂದೆ. ಈಗಲೂ ಬರುತ್ತೇನೆ.

ನೀನು ದಿನಾ ಆ ಮೆಷಿನ್ ಮುಂದೆ ನಿಲ್ಲುವವನು. ನಿನ್ನ ಮುಂದೆ ಹೋದವರೆಲ್ಲ ಚೆನ್ನಾಗಿ ಹೊರಗೆ ಬಂದಿಲ್ಲವೇ? ಹಾಗಿದ್ದ ಮೇಲೆ ನನ್ನನ್ನು ಮಾತ್ರ ಯಾಕೆ ಹೆದರಿಸುತ್ತೀಯ?

ಅಕ್ಕ


ಫೆಬ್ರವರಿ ೨೬

ಅಕ್ಕ,

ಇಲ್ಲ. ಎಲ್ಲರೂ ಚೆನ್ನಾಗಿ ಹೊರಗೆ ಬಂದಿಲ್ಲ.

ನಾನು ಆ ಮೆಷಿನ್ ಮುಂದೆ ನಿಲ್ಲುವುದನ್ನು ಬಿಟ್ಟು ಹನ್ನೊಂದು ತಿಂಗಳಾಯಿತು. ನೆಲಮಾಳಿಗೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟ ತೊಳೆದು ಬಿಸಿ ಹಬೆಗೆ ಹಾಕುವ ಕೋಣೆಯಿದೆ. ನಾನು ಅಲ್ಲಿರುವುದು. ನಾನೇ ಕೇಳಿ ಹಾಕಿಸಿಕೊಂಡೆ. ನಿನಗೆ ಬರೆದ ಪತ್ರಗಳಲ್ಲಿ ಸುಳ್ಳು ಹೇಳಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ, "ನಾನು" ಎಂದು ಬರೆಯದಿದ್ದರೆ ಸಾಕು ಎಂದು. ನೀನು ಅದನ್ನೇ ವಿನಯ ಎಂದುಕೊಂಡೆ.

ಕಳೆದ ಮಾರ್ಚಿನಲ್ಲಿ ಒಬ್ಬ ಲಾರಿ ಡ್ರೈವರ್ ಬಂದಿದ್ದ, ಮೂವತ್ತನಾಲ್ಕು ವರ್ಷ. ಕಿಡ್ನಿ ಕೊಟ್ಟದ್ದು ಅವನ ಅಪ್ಪ. ಹೊಲಿಗೆ ಮುಗಿಯಿತು, ಕಿಡ್ನಿ ಗುಲಾಬಿಯಾಯಿತು, ಎಲ್ಲರಿಗೂ ಖುಷಿ. ನನ್ನ ಪರದೆಯಲ್ಲಿ ಗೆರೆ ಬೇಗ ಒಡೆಯಿತು, ತುಂಬಾ ಅಗಲವಾಯಿತು. "ಸಾರ್, ಸ್ವಲ್ಪ ಬೇಗ ಗಟ್ಟಿಯಾಗ್ತಿದೆ" ಎಂದೆ. ನನ್ನ ದನಿ ನಿನಗೆ ಗೊತ್ತಲ್ಲ. ಚಿಕ್ಕಂದಿನಲ್ಲಿ ಅಂಗಡಿಯಲ್ಲಿ ನಾನು ಕೇಳಿದ್ದು ಅಂಗಡಿಯವನಿಗೆ ಕೇಳಿಸದೆ, ನೀನು ಬಂದು ಕೂಗಿ ತೆಗೆದುಕೊಡುತ್ತಿದ್ದೆ. ಸರ್ಜನ್ ಯಾರ ಜೊತೆಗೋ ಮಾತಾಡುತ್ತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಇನ್ನೊಮ್ಮೆ ಹೇಳಬೇಕಿತ್ತು. ತಪ್ಪಾದರೆ ಎಲ್ಲರೆದುರು ಬೈಸಿಕೊಳ್ಳಬೇಕಲ್ಲ ಎಂದು ಅಳುಕಿದೆ. ಸಂಖ್ಯೆಯನ್ನು ಚಾರ್ಟಿನಲ್ಲಿ ಬರೆದು ಸುಮ್ಮನೆ ನಿಂತೆ. ಹೊಟ್ಟೆ ಮುಚ್ಚಿದರು.

ಮರುದಿನ ಬೆಳಿಗ್ಗೆ ಕಿಡ್ನಿ ಕಪ್ಪಾಗಿತ್ತು. ತೆಗೆಯಬೇಕಾಯಿತು. ವಿಚಾರಣೆ ಮಾಡಿದವರು ಯಾರ ತಪ್ಪೂ ಅಲ್ಲ ಎಂದು ಬರೆದರು. ಅವನಿಗೂ ಹಿಂದೊಮ್ಮೆ ಕಾಲಿನಲ್ಲಿ ಹೆಪ್ಪುಗಟ್ಟಿತ್ತಂತೆ, ಅವನೂ ಹೇಳಿರಲಿಲ್ಲವಂತೆ, ಆಮೇಲೆ ತಿಳಿಯಿತು. ಅವನ ಅಪ್ಪ ವಾರ್ಡಿನ ಬಾಗಿಲಲ್ಲಿ ನನ್ನನ್ನು ಕಂಡು, "ನನ್ನ ಕಿಡ್ನಿ ಚೆನ್ನಾಗಿರ್ಲಿಲ್ವೇನಪ್ಪ?" ಎಂದು ಕೇಳಿದರು. ಅವತ್ತೇ ನೆಲಮಾಳಿಗೆಗೆ ಹಾಕಿ ಎಂದು ಅರ್ಜಿ ಬರೆದೆ.

ಅವನು ಬದುಕಿದ್ದಾನೆ, ಮತ್ತೆ ಡಯಾಲಿಸಿಸ್ಸಿನಲ್ಲಿದ್ದಾನೆ. ನಿನಗೆ ಈಗ ಗೊತ್ತಾಯಿತು. ಇನ್ನು ನಿನ್ನ ಇಷ್ಟ. ಆದರೆ ಅಕ್ಕ, ನನಗಿರುವುದು ನೀನೊಬ್ಬಳು. ಹೇಳಿಬಿಡೇ.

ತಮ್ಮ


ಮಾರ್ಚ್ ೬

ನನ್ನ ತಮ್ಮನಿಗೆ,

ಹೇಳಿದೆ.

ನಿನ್ನ ಪತ್ರ ಬಂದ ಸಂಜೆ ಊಟ ಮಾಡಲಾಗಲಿಲ್ಲ. ಭಾವನಿಗೆ ಕಾಲಿನ ವಿಷಯ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಉಳುಕು ಅಂದಿದ್ದೆಯಲ್ಲ, ನಾನು ಎಣ್ಣೆ ಬಾಟ್ಲಿ ಪಾರ್ಸಲ್ ಮಾಡಿದ್ನಲ್ಲೇ" ಎಂದರು. ಅಷ್ಟೇ ಅವರ ಕೋಪ. ಮನುಷ್ಯ ಒಳ್ಳೆಯವರು ಕಣೋ.

ಮರುದಿನ ನಾದಿನಿಯನ್ನು ಕರೆದುಕೊಂಡು ಸರ್ಜನ್ನಿನ ಹತ್ತಿರ ಹೋದೆ. ನಮ್ಮ ಸರ್ಜನ್ ಎತ್ತರದ ಹೆಂಗಸು, ಅಳೆದು ತೂಗಿ ಮಾತಾಡುತ್ತಾರೆ. ಕಾಲು, ಮಾತ್ರೆ, ಆ ಎರಡು ಬಸಿರು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.  ಅವರು ಬಾಯಿ ತೆರೆಯುವ ಮೊದಲೇ ನಾದಿನಿ ಎದ್ದು ನಿಂತಳು.

"ಅತ್ತಿಗೆ! ನಾನು ಕಿಡ್ನಿ ಕೊಡ್ತಿರೋದು ಅದು ನಿಮ್ಮೊಳಗೆ ಕೆಲಸ ಮಾಡ್ಲಿ ಅಂತ. ಮಾರನೇ ದಿನ ತೆಗೆದು ಬಿಸಾಕ್ಲಿ ಅಂತಲ್ಲ. ನನ್ನ ಹತ್ರಾನೂ ಮುಚ್ಚಿಡ್ತೀರಾ?"

ಕಾರಿಡಾರಿನ ಕೊನೆಯವರೆಗೂ ಕೇಳಿಸಿತು.  ಆಮೇಲೆ ಸರ್ಜನ್ ಮೆಲ್ಲಗೆ, "ಲಿಸ್ಟಿಂದ ತೆಗೆಯಲ್ಲ ಅಮ್ಮ. ತಾರೀಖು ಮುಂದಕ್ಕೆ ಹಾಕ್ತೀವಿ. ರಕ್ತದ ಡಾಕ್ಟರ್ ನೋಡ್ಲಿ, ಇನ್ನೊಂದಿಷ್ಟು ಟೆಸ್ಟ್ ಆಗ್ಲಿ. ಆಪರೇಷನ್ ದಿನ ಹರಿವು, ಹೆಪ್ಪು ಎರಡನ್ನೂ ನೋಡೋಕೆ ಒಬ್ಬರನ್ನ ನಿಲ್ಲಿಸ್ತೀನಿ" ಎಂದರು. ಸಾಮಾನ್ಯ ರೋಗಿಗಳಿಗೆ ಇಲ್ಲಿ ಆ ಬಟ್ಟಲಿನ ಮೆಷಿನ್ ಇಡುವುದಿಲ್ಲವಂತೆ. ಲಿಫ್ಟಿನಲ್ಲಿ ಇಳಿಯುವಾಗ ಅತ್ತುಬಿಟ್ಟೆ, ಲಿಫ್ಟ್ ನಡೆಸುವವನು ನಮಗಾಗಿ ಒಂದು ಮಹಡಿ ಹೆಚ್ಚು ಸುತ್ತಿಸಿದ. ಏಪ್ರಿಲ್ ಇಪ್ಪತ್ತೆರಡಕ್ಕೆ ಹೊಸ ತಾರೀಖು.

ನಾದಿನಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಕೋಪ ಇನ್ನೂ ಇದೆ. ಆದ್ರೂ ನಡೆಯೋದು ತಪ್ಪಿಸೋ ಹಾಗಿಲ್ಲ, ಬನ್ನಿ" ಎಂದಳು.

ಇನ್ನು ನಿನ್ನ ವಿಷಯ. ನಿನ್ನ ತಪ್ಪೇನೂ ಇಲ್ಲ ಎಂದು ಬರೆದರೆ ನಿನಗೆ ಹಗುರವಾಗಬಹುದು. ಆದರೆ ನನಗೆ ಅದು ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳಲಾರೆ. ಹನ್ನೊಂದು ತಿಂಗಳು ನೀನು ಒಬ್ಬನೇ ಇದನ್ನು ಹೊತ್ತಿದ್ದೀಯ, ನಾನು ಮಾತ್ರ ಊರೆಲ್ಲ ನಿನ್ನ ಡಂಗುರ ಹೊಡೆಯುತ್ತಿದ್ದೆ. ಅದಕ್ಕೆ ನೋವಾಗುತ್ತದೆ. ನೀನು ಬರೆದಿರದಿದ್ದರೆ ನಾನು ಹೇಳುತ್ತಿರಲಿಲ್ಲ, ಇದು ಮಾತ್ರ ಖಂಡಿತ.

ಆಪರೇಷನ್ನಿಗೆ ಬರುತ್ತೇನೆ ಎನ್ನಬೇಡ. ಎರಡು ದಿನ ರೈಲಿನಲ್ಲಿ ಕೂತು ಬಂದು, ಇಲ್ಲಿ ಬೆಂಚಿನ ಮೇಲೆ ಉಗುರು ಕಚ್ಚಿಕೊಂಡು ಕೂರುವುದಕ್ಕೆ ಭಾವ ಒಬ್ಬರು ಸಾಕು. ಮನೆಗೆ ಬಂದ ಮೇಲೆ ಬಾ. ಆಗ ಅಡುಗೆಗೆ ಜನ ಬೇಕು.

ಅಕ್ಕ


ಏಪ್ರಿಲ್ ೨೫

ಅಕ್ಕ,

ಇದು ನಿನ್ನ ಕೈಗೆ ಸಿಗುವ ಹೊತ್ತಿಗೆ ಓದುವಷ್ಟು ಶಕ್ತಿ ಬಂದಿರಲಿ.

ಭಾವನಿಗೆ ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ. "ಎಲ್ಲ ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ" ಎಂದು ಮೂರು ಸಲ ಹೇಳುತ್ತಾರೆ. ಒಂದೇ ಸಲ ಹೇಳಿದ್ದರೆ ನಂಬುತ್ತಿದ್ದೆ. ಎಷ್ಟು ಗಂಟೆ ಹಿಡಿಯಿತು ಎಂದರೆ, "ಸ್ವಲ್ಪ ಜಾಸ್ತಿ" ಎನ್ನುತ್ತಾರೆ. ಯಾಕೆ ಜಾಸ್ತಿ ಎಂದರೆ ನಿನ್ನ ನಾದಿನಿಯ ಕೈಗೆ ಫೋನ್ ಕೊಡುತ್ತಾರೆ. ಅವರು ತಮ್ಮ ಹಾಸಿಗೆಯಿಂದಲೇ, "ನಿಮ್ಮಕ್ಕ ಗಟ್ಟಿ ಕಣ್ರೀ, ನೀವು ಮೊದಲು ಸರಿಯಾಗಿ ಊಟ ಮಾಡಿ" ಎಂದು ಗದರಿಸಿ ಇಟ್ಟುಬಿಡುತ್ತಾರೆ.

ನೆಲಮಾಳಿಗೆಯಲ್ಲಿ ನಿನ್ನೆ ಒಂದು ತಟ್ಟೆ ಕತ್ತರಿಗಳನ್ನು ಎರಡು ಸಲ ತೊಳೆದೆನಂತೆ. ಜೊತೆಗಿರುವವರು ಹೇಳಿದ ಮೇಲೆಯೇ ತಿಳಿದದ್ದು. ನೀನೇ ಎರಡು ಸಾಲು ಬರೆ. ಮೂತ್ರ ಎಷ್ಟಾಗುತ್ತಿದೆ ಎಂದಷ್ಟೇ ಬರೆದರೂ ಸಾಕು.

ತಮ್ಮ


ಮೇ ೨

ನನ್ನ ತಮ್ಮನಿಗೆ,

ನಿನ್ನೆ ಎರಡೂವರೆ ಲೀಟರ್! ಮೊನ್ನೆ ಮೂರು. ಒಂದು ವರ್ಷ ಎಂಟು ತಿಂಗಳು ನಾನು ಶೌಚದ ಕೋಣೆಯ ಬಾಗಿಲನ್ನೇ ಮರೆತಿದ್ದೆ. ಈಗ ಪ್ರತಿ ಗಂಟೆಗೂ ಏಳುತ್ತೇನೆ, ಏಳುವಾಗ ಹೊಲಿಗೆ ನೋಯುತ್ತದೆ, ನಗುತ್ತ ನಗುತ್ತ ಹೋಗುತ್ತೇನೆ. ನರ್ಸ್ ಅಳತೆ ಬರೆದುಕೊಳ್ಳುವಾಗ ನನಗೆ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಷ್ಟು ಸಂತೋಷ. ಒಂದು ಲೋಟ ನೀರನ್ನು ಪೂರ್ತಿ, ಗಟಗಟನೆ ಕುಡಿದೆ ಕಣೋ. ಅಷ್ಟು ನೀರು ಕುಡಿಯಲು ನನಗೆ ಇಷ್ಟು ದಿನ ಅಪ್ಪಣೆ ಇರಲಿಲ್ಲ ಎಂದು ನಿನಗೆ ಗೊತ್ತೇ ಇದೆ.

ಭಾವ ಮುಚ್ಚಿಟ್ಟದ್ದು ನಿಜ. ನಾನು ಎದ್ದು ಕೂರುವ ತನಕ ನನಗೂ ಹೇಳಿರಲಿಲ್ಲ. ನನಗೆ ಹೇಳಿದ್ದು ಮೆಷಿನ್ ನೋಡುತ್ತಿದ್ದ ಟೆಕ್ನಿಷಿಯನ್. ಮೂವತ್ತು ದಾಟಿದ ಸಣಕಲು ಹೆಂಗಸು, ಎರಡು ಮಕ್ಕಳ ತಾಯಿ. ಡ್ಯೂಟಿ ಮುಗಿಸಿ ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನನ್ನು ನೋಡಲು ಬಂದಿದ್ದಳು.

ಕ್ಲಾಂಪ್ ಬಿಟ್ಟಾಗ ಕಿಡ್ನಿ ನೀನು ಬರೆದಂತೆಯೇ ಗುಲಾಬಿಯಾಯಿತಂತೆ. ಸರ್ಜನ್ನಿನ ಕೈಗವಸಿನ ಮೇಲೆ ಮೂತ್ರದ ಹನಿ ಬಿದ್ದು ಎಲ್ಲರೂ ಚಪ್ಪಾಳೆ ತಟ್ಟುವುದೊಂದೇ ಬಾಕಿ. ಡಾಪ್ಲರ್ ಇಟ್ಟರೆ ಸದ್ದು ಚೆನ್ನಾಗಿತ್ತು. ಹನ್ನೊಂದು ನಿಮಿಷ ಹಾಗೇ ಹೋಯಿತು. ಆಮೇಲೆ, ರಕ್ತ ಹೊರಗೆ ಒಯ್ಯುವ ನಾಳದ ಸದ್ದು ಸಣ್ಣಗಾಗತೊಡಗಿತು. ಅತ್ತ ಪರದೆಯಲ್ಲಿ ಗೆರೆ ಬೇಗ ಒಡೆದಿತ್ತು. ಸರ್ಜನ್ ಹೊಟ್ಟೆ ಮುಚ್ಚಲು ಆಗಲೇ ದಾರ ಕೇಳಿದ್ದರು.

"ಮೇಡಂ, ಮುಚ್ಬೇಡಿ" ಎಂದಳಂತೆ ಇವಳು. ಯಾರೂ ತಿರುಗಲಿಲ್ಲ. ಆಗ ಎಷ್ಟು ಜೋರಾಗಿ ಕೂಗಿದಳು ಎಂದರೆ ಒಬ್ಬ ನರ್ಸಿನ ಕೈಯಿಂದ ಬಟ್ಟಲು ಬಿದ್ದು ಉರುಳಿತಂತೆ. ಸರ್ಜನ್ ಕಿಡ್ನಿಯನ್ನು ಮೆಲ್ಲಗೆ ಎತ್ತಿ ನೋಡಿದರು. ಒಂದು ಅಂಚು ನೀಲಿಯಾಗುತ್ತಿತ್ತು. ಹೊಲಿಗೆ ಬಿಚ್ಚಿದರು. ಒಳಗೆ, ಜೋಡಿಸಿದ ಜಾಗದಲ್ಲಿ, ಹೆಪ್ಪು. ಬಟಾಣಿ ಕಾಳಿನಷ್ಟು ಇತ್ತಂತೆ. ತೆಗೆದು, ತೊಳೆದು, ಮತ್ತೆ ಹೊಲಿದರು. ರಕ್ತ ತೆಳುವಾಗಿಸುವ ಔಷಧಿ ಏರಿಸಿದರು. ಹದಿನೆಂಟು ನಿಮಿಷ. ಅಷ್ಟು ಹೊತ್ತೂ ನಾನು ಯಾವ ಯೋಚನೆಯೂ ಇಲ್ಲದೆ ಹೊಟ್ಟೆ ತೆರೆದುಕೊಂಡು ಮಲಗಿದ್ದೆ. ಮತ್ತೆ ಕ್ಲಾಂಪ್ ಬಿಟ್ಟರು, ಮತ್ತೆ ಗುಲಾಬಿ. ಈ ಸಲ ಯಾರೂ ಖುಷಿಪಡಲಿಲ್ಲವಂತೆ, ಒಂದು ಗಂಟೆ ಎಲ್ಲರೂ ಅವಳ ಮುಖವನ್ನೇ ನೋಡುತ್ತ ನಿಂತರಂತೆ. ಅವಳು ತಲೆಯಾಡಿಸಿದ ಮೇಲೆಯೇ ಮುಚ್ಚಿದ್ದು.

ಅವಳ ಕೈ ಹಿಡಿದುಕೊಂಡೆ. "ನೀನಿರದಿದ್ರೆ ಏನಾಗ್ತಿತ್ತಮ್ಮ?" ಎಂದೆ.

"ನಿಮ್ಮ ಫೈಲಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿತ್ತು ಅಮ್ಮ, ರಕ್ತ ಬೇಗ ಹೆಪ್ಪುಗಟ್ಟುತ್ತೆ ಅಂತ. ಅದಿರದಿದ್ರೆ ಅವತ್ತು ನನ್ನನ್ನ ಅಲ್ಲಿಗೆ ಕರೀತಾನೇ ಇರ್ಲಿಲ್ಲ" ಎಂದಳು.

ಅವಳು ಹೋದ ಮೇಲೆ ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ಮಲಗಿದ್ದೆ. ಪಕ್ಕದ ಹಾಸಿಗೆಯಿಂದ ನಾದಿನಿ, "ಅಳಬೇಡಿ ಅತ್ತಿಗೆ, ನನ್ನ ಕಿಡ್ನಿ ಒದ್ದೆಯಾಗುತ್ತೆ" ಎಂದಳು. ಅವಳು ಆರಾಮವಾಗಿದ್ದಾಳೆ. ಎರಡನೇ ದಿನಕ್ಕೇ ಎದ್ದು ವಾರ್ಡಿನ ಹೆಂಗಸರನ್ನೆಲ್ಲ ಸಾಲಾಗಿ ನಡೆಸುತ್ತಿದ್ದಳು. ಡಯಾಲಿಸಿಸ್ಸಿನಲ್ಲಿ ನನ್ನ ಪಕ್ಕದ ಕುರ್ಚಿಯ ಹೊಲಿಗೆಯಾಕೆಗೂ ನಮ್ಮ ಸರ್ಜನ್ನಿನ ಹತ್ತಿರ ಸಮಯ ಕೊಡಿಸಿದ್ದಾಳೆ, ಅವಳ ಅಣ್ಣನಿಗೂ ಒಂದು ಸುತ್ತು ಫೋನಿನಲ್ಲಿ ಬೈದಿದ್ದಾಳೆ.

ತಮ್ಮ, ಮತ್ತೆ ಮೇಲಿನ ಆಪರೇಷನ್ ಥಿಯೇಟರಿಗೆ ಹೋಗು ಎಂದು ನಾನು ಹೇಳುವುದಿಲ್ಲ. ಕತ್ತರಿ ತೊಳೆಯುವವರೂ ಬೇಕು. ಆದರೆ ನಾನು ಎಚ್ಚರವಿಲ್ಲದೆ ಮಲಗಿದ್ದಾಗ ನನ್ನ ಪರವಾಗಿ ಒಬ್ಬಳು ಕೂಗಿದಳು. ಅದನ್ನು ನಿನಗೆ ಹೇಳದೆ ಯಾರಿಗೆ ಹೇಳಲಿ?

ಹದಿನೈದರ ಮೇಲೆ ಬಾ. ಭಾವನ ಅಡುಗೆ ತಿಂದು ಎಲ್ಲರೂ ಸೊರಗಿದ್ದೇವೆ.

ಅಕ್ಕ


ಜೂನ್ ೧೯

ಅಕ್ಕ,

ನಿನ್ನ ಮನೆಯಲ್ಲಿ ಹನ್ನೆರಡು ದಿನ ಅಡುಗೆ ಮಾಡಿ ಬಂದ ಕೈ ಇನ್ನೂ ನೋಯುತ್ತಿದೆ. ನಿನ್ನ ನಾದಿನಿ ನನ್ನ ಸಾರಿಗೆ ಉಪ್ಪು ಜಾಸ್ತಿ ಎಂದು ನಿಲ್ದಾಣದಲ್ಲಿ ರೈಲು ಹೊರಡುವಾಗಲೂ ಕೂಗಿ ಹೇಳಿದರು.

ನಿನಗೆ ಅಲ್ಲಿ ಹೇಳಲಿಲ್ಲ, ಆಗುತ್ತದೋ ಇಲ್ಲವೋ ಎಂದು ಅನುಮಾನವಿತ್ತು. ಬಂದ ಮೇಲೆ ಅರ್ಜಿ ಕೊಟ್ಟೆ. ಮೇಲಿನ ಥಿಯೇಟರಿಗೆ ಮತ್ತೆ ಹಾಕಿದ್ದಾರೆ. ಸರ್ಜನ್ ಅವರೇ, ಆ ಲಾರಿ ಡ್ರೈವರಿಗೆ ಆಪರೇಷನ್ ಮಾಡಿದವರೇ. ನನ್ನನ್ನು ನೋಡಿ ತಲೆಯಾಡಿಸಿದರು, ಹಳೆಯದನ್ನು ಇಬ್ಬರೂ ಎತ್ತಲಿಲ್ಲ.

ನಿನ್ನೆ ಮೊದಲ ಕೇಸು. ರೋಗಿ ಒಬ್ಬ ಬಡಗಿ, ಕಿಡ್ನಿ ಕೊಟ್ಟದ್ದು ಅವನ ಹೆಂಡತಿ. ಮುಂಚಿನ ದಿನವೇ ವಾರ್ಡಿಗೆ ಹೋಗಿ, ಕಾಲು ಊದಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ತಿಂದಿದ್ದರೇ ಎಂದು ಅವನನ್ನೂ ಅವನ ಅಮ್ಮನನ್ನೂ ಕೇಳಿದೆ. ಏನೂ ಇರಲಿಲ್ಲ. ಹೊಲಿಗೆ ಆಯಿತು, ಕ್ಲಾಂಪ್ ಬಿಟ್ಟರು, ಗುಲಾ​ಬಿ ಬಂತು. ಹತ್ತು ನಿಮಿಷ ಕಳೆದಿರಬೇಕು. ನನ್ನ ಪರದೆಯಲ್ಲಿ ಗೆರೆ ಬೇಗ ಒಡೆಯಿತು. ಅಗಲವಾಯಿತು.  ಸರ್ಜನ್ ದಾರಕ್ಕೆ ಕೈ ಚಾಚಿದ್ದರು.

"ಸಾರ್, ನಿಲ್ಲಿಸಿ!" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

ಸರ್ಜನ್ ಕಿಡ್ನಿ ಎತ್ತಿ ನೋಡಿದರು. ಬಣ್ಣ ಸರಿಯಿತ್ತು. ನಾಳದ ಉದ್ದಕ್ಕೂ ಬೆರಳಾಡಿಸಿದರು. ಡಾಪ್ಲರ್ ಇಟ್ಟು ಒಂದೊಂದು ಕಡೆ ಕೇಳಿದರು. ಹರಿವು ಚೆನ್ನಾಗಿಯೇ ಇತ್ತು. ಏಳು ನಿಮಿಷ ಅವರ ಕೈ ಹಾಗೇ ಹುಡುಕಿತು. ಅಷ್ಟರಲ್ಲಿ ನಾನು ಎರಡನೇ ಬಟ್ಟಲಿಗೆ ರಕ್ತ ಹಾಕಿದ್ದೆ. ಗೆರೆ ನೇರವಾಗಿ ಹೋಯಿತು, ಒಡೆಯಬೇಕಾದ ಹೊತ್ತಿಗೆ ಒಡೆಯಿತು, ಎಷ್ಟು ಬೇಕೋ ಅಷ್ಟೇ ಅಗಲವಾಯಿತು. ಮೊದಲ ಬಟ್ಟಲಿನಲ್ಲಿ ಗಾಳಿಗುಳ್ಳೆ ಸೇರಿಕೊಂಡಿತ್ತು, ಹಾಕಿದ್ದು ನಾನೇ. ಒಂದು ವರ್ಷಕ್ಕೂ ಮೇಲೆ ಕೈ ಅಭ್ಯಾಸ ತಪ್ಪಿತ್ತು.

"ಏನ್ರೀ ನೀವು, ಜೀವ ಬಾಯಿಗೆ ಬಂದಿತ್ತು! ಒಂದು ಬಟ್ಟಲು ನೆಟ್ಟಗೆ ತುಂಬೋಕೆ ಬರಲ್ವಾ?" ಎಂದು ಸರ್ಜನ್ ಎಲ್ಲರೆದುರು ಬೈದರು. ಚೆನ್ನಾಗಿಯೇ ಬೈದರು. ನರ್ಸುಗಳು ತಲೆ ತಗ್ಗಿಸಿದರು. ನಾನು, "ತಪ್ಪಾಯ್ತು ಸಾರ್" ಎಂದೆ. ಅವರು ದಾರ ತೆಗೆದುಕೊಂಡರು, ಸೂಜಿ ಇಳಿಸುವ ಮುನ್ನ ನನ್ನ ಕಡೆ ನೋಡಿ, "ಈಗ ಮುಚ್ಚಲಾ?" ಎಂದು ಕೇಳಿದರು. ಪರದೆಯನ್ನು ಇನ್ನೊಮ್ಮೆ ನೋಡಿ, ಮುಚ್ಚಿ ಸಾರ್ ಎಂದೆ.

ಇವತ್ತು ಬೆಳಿಗ್ಗೆ ವಾರ್ಡಿಗೆ ಹೋಗಿದ್ದೆ. ಬಡಗಿ ದಿಂಬಿಗೆ ಒರಗಿ ಕೂತಿದ್ದ, ಹಾಸಿಗೆಗೆ ತೂಗುಹಾಕಿದ್ದ ಚೀಲ ತುಂಬಿತ್ತು. ಅವನಿಗೆ ಆ ಏಳು ನಿಮಿಷ ಗೊತ್ತೇ ಇಲ್ಲ. ಮೆಟ್ಟಿಲ ಹತ್ತಿರ ಬಂದು ಅತ್ತುಬಿಟ್ಟೆ. ಏನೂ ಆಗಿರಲಿಲ್ಲ, ಅಕ್ಕ. ಏನೂ ಆಗಿರಲಿಲ್ಲ.

ತಮ್ಮ